ನಿಧಾನಪ್ಪನ ಖಾಲಿ ಕೈ

ನಮ್ಮ ಮನೆಯವರ ವಿಷಯವನ್ನು ಅವರ ಬಾಯಿಂದಲೇ ಕೇಳಬೇಕೆಂದರೆ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ. "ಹೂಂ, ಹೀಗೇ ಇದೀವಿ." ಅಷ್ಟೇ. ಅದಕ್ಕೇ ನಾನು ಹೇಳುತ್ತಿದ್ದೇನೆ. ನಾನು ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಗಿರಾಕಿಗಳ ಪ್ಯಾಂಟಿನ ಉದ್ದ ಕಡಿಮೆ ಮಾಡುವವಳು. ಮಾತಿನ ಉದ್ದ ಕಡಿಮೆ ಮಾಡಿ ಮಾತ್ರ ಗೊತ್ತಿಲ್ಲ.

ಇವರದು ಪಾರ್ಸೆಲ್ ಹಂಚುವ ಕೆಲಸ. ಇಪ್ಪತ್ತೊಂದು ವರ್ಷವಾಯಿತು. ಬೆಳಿಗ್ಗೆ ಗೋದಾಮಿನಲ್ಲಿ ವ್ಯಾನಿಗೆ ಪೆಟ್ಟಿಗೆ ತುಂಬಿಕೊಂಡು ಹೊರಟರೆ ಸಂಜೆ ವ್ಯಾನು ಬರಿದಾಗುವವರೆಗೆ ಮೆಟ್ಟಿಲು ಹತ್ತುವುದು, ಬೆಲ್ ಒತ್ತುವುದು, ಪೆಟ್ಟಿಗೆ ಕೊಡುವುದು, ಸಹಿ ಹಾಕಿಸಿಕೊಳ್ಳುವುದು, ಮೆಟ್ಟಿಲು ಇಳಿಯುವುದು. ಜೊತೆಯವರು ಇವರಿಗೆ ನಿಧಾನಪ್ಪ ಎಂದು ಹೆಸರಿಟ್ಟಿದ್ದಾರೆ. ಬೇರೆಯವರು ಗೇಟಿನ ಮೇಲಿಂದ ಪೆಟ್ಟಿಗೆ ಎಸೆದು ಹೋದರೆ, ಇವರು ಕೋಳಿಮೊಟ್ಟೆ ಇಟ್ಟ ಹಾಗೆ ಇಟ್ಟು, ಬಾಣದ ಗುರುತು ಮೇಲಕ್ಕೇ ಇದೆಯಾ ಎಂದು ಇನ್ನೊಮ್ಮೆ ಬಗ್ಗಿ ನೋಡಿ ಬರುತ್ತಾರೆ. ಇಷ್ಟು ವರ್ಷದಲ್ಲಿ ಒಂದು ಗಾಜಿನ ಲೋಟ ಒಡೆದವರಲ್ಲ. ಆ ನಾಜೂಕು ಹೊರಗಿನವರ ಸಾಮಾನಿಗೆ ಮಾತ್ರ, ನಮ್ಮ ಮನೆಯಲ್ಲಿ ಎಷ್ಟು ಲೋಟ ಉಳಿದಿವೆ ಎಂದು ಬಂದು ನೋಡಿ.

ಡಿಸೆಂಬರ್ ಬಂತೆಂದರೆ ನನಗೆ ಗಂಡ ಇಲ್ಲ ಎಂದೇ ಲೆಕ್ಕ. ಕ್ರಿಸ್ಮಸ್ಸಿಗೆ ಊರಿಗೆ ಊರೇ ಸಾಮಾನು ತರಿಸುತ್ತದೆ. ಒಂದು ಪಾಳಿ ಎರಡಾಗುತ್ತದೆ, ರಸ್ತೆಗಳನ್ನು ಅದಲುಬದಲು ಮಾಡಿ ಹಂಚುತ್ತಾರೆ, ಊಟ ವ್ಯಾನಿನ ಸೀಟಿನಲ್ಲೇ ಆಗಿಹೋಗುತ್ತದೆ. "ಬಾಗಿಲು ತೆಗೆದವರು ಪೆಟ್ಟಿಗೆ ನೋಡಿ, ಇದ್ಯಾವುದಪ್ಪಾ, ನಾನೇನು ತರಿಸಿದ್ದೆ ಅಂತ ನನ್ನನ್ನೇ ಕೇಳ್ತಾರೆ ಕಣೇ" ಎಂದು ಒಮ್ಮೆ ಹೇಳಿದ್ದರು. ಜನವರಿ ಮೊದಲ ವಾರ ಅವೇ ಪೆಟ್ಟಿಗೆಗಳು ಕಸದ ಮೂಲೆಯಲ್ಲಿ ಚಪ್ಪಟೆಯಾಗಿ ಬಿದ್ದಿರುವುದನ್ನೂ ಇವರು ನೋಡುತ್ತಾರೆ. ಕೆಲವನ್ನು ಬಿಚ್ಚಿರುವುದೂ ಇಲ್ಲವಂತೆ.

ಹೋದ ವರ್ಷದ ಕ್ರಿಸ್ಮಸ್ಸಿನ ಕಥೆ ಕೇಳಿ. ಮಗಳು ದೂರದ ಊರಿನಿಂದ ಎರಡು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದಳು. ನಾವು ಪುಟ್ಟಿ ಎಂದು ಕರೆಯುವ ಆ ಮಗುವಿಗೆ ಒಳ್ಳೆಯ ಉಡುಗೊರೆ ಕೊಡಬೇಕು ಎಂಬುದು ನನ್ನ ಹಟ. ಅದಕ್ಕಾಗಿ ಇವರು ಹಬ್ಬದ ದಿನವೂ ಅರ್ಧ ಪಾಳಿ ಮಾಡಿ, ಯೂನಿಫಾರ್ಮಿನಲ್ಲೇ, ಮುಖ ಕಾಣದಷ್ಟು ಎತ್ತರದ ಪೆಟ್ಟಿಗೆ ಹೊತ್ತು ಬಂದರು. ಪುಟ್ಟಿ ಹೆದರಿ ಅತ್ತಳು. ಇವರು ಊಟಕ್ಕೆ ಕೂತು, ತುತ್ತು ಕೈಯಲ್ಲಿರುವಾಗಲೇ ನಿದ್ದೆ ಹೋದರು. ಸಂಜೆ ಎಚ್ಚರವಾಗುವಷ್ಟರಲ್ಲಿ ಮಗಳು ಮೊಮ್ಮಗಳು ಹೊರಟು ನಿಂತಿದ್ದರು.

ಬಾಗಿಲಲ್ಲಿ ಮಗಳು ಒಂದು ಮಾತು ಹೇಳಿದಳು. ಕೋಪದಲ್ಲಿ ಹೇಳಿದ್ದರೆ ನಾನೂ ನಾಲ್ಕು ತಿರುಗಿ ಆಡುತ್ತಿದ್ದೆ, ಆದರೆ ಮೆತ್ತಗೆ ಹೇಳಿದಳು. "ಅಪ್ಪಾ, ನಾನು ನಿಮ್ಮನ್ನ ನೋಡೋಕೆ ಬಂದಿದ್ದೆ. ಪೆಟ್ಟಿಗೆ ನೋಡಿಕೊಂಡು ಹೋಗ್ತಿದೀನಿ."

ಆಮೇಲೆ ವರ್ಷವಿಡೀ ಫೋನಿನಲ್ಲಿ ಮುಖ ತೋರಿಸಿ ಮಾತಾಡಿಸಿದ್ದೇ ಬಂತು. ನನ್ನನ್ನು ನೋಡಿದರೆ ಪುಟ್ಟಿ "ಅಜ್ಜಿ" ಎನ್ನುತ್ತಾಳೆ. ಇವರು ಫೋನಿಗೆ ಮುಖ ಒಡ್ಡಿದರೆ, "ಪಾರ್ಸೆಲ್ ಮಾಮ, ಪೆಟ್ಟಿಗೆ ಎಲ್ಲಿ?" ಎನ್ನುತ್ತಾಳೆ. ತಾತ ಅನ್ನು, ತಾತ ಅನ್ನು ಎಂದು ಮಗಳು ಎಷ್ಟು ಹೇಳಿಕೊಟ್ಟರೂ ಅದೇ. ಮಾಮನಂತೆ ಮಾಮ! ಇವರು ನಕ್ಕು ಫೋನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸುತ್ತಿದ್ದರು. ತೊಳೆಯುವುದಕ್ಕೆ ಅಲ್ಲಿ ಪಾತ್ರೆಯೇ ಇರುತ್ತಿರಲಿಲ್ಲ.

ಹೀಗಿರುವಾಗ ಈ ಸಲ ನವೆಂಬರ್ ಕೊನೆಯಲ್ಲಿ, ಶೂ ಬಿಚ್ಚುತ್ತಾ ಇವರು ಅಂದರು, "ಹಬ್ಬಕ್ಕೆ ನಾಲ್ಕು ದಿನ ರಜೆ ಹಾಕಿದೀನಿ. ಹೆಚ್ಚಿನ ಪಾಳಿ ಬೇಡ ಅಂದೆ."

ನನಗೆ ಕಿವಿ ಸರಿಯಾಗಿದೆಯೋ ಇಲ್ಲವೋ ಅನ್ನಿಸಿತು. "ಡಿಸೆಂಬರಿನಲ್ಲಿ ರಜೆಯಾ? ನಿಮ್ಮ ಮೇಲಿನವರು ಏನಂದ್ರು?"

"ಮೈ ಹುಷಾರಿಲ್ವಾ ಅಂದ್ರು. ಹುಷಾರಾಗಿದೀನಿ, ಅದಕ್ಕೇ ಕೇಳ್ತಿದೀನಿ ಅಂದೆ." ಆಮೇಲೆ ಒಂದು ಶೂ ಕೈಯಲ್ಲೇ ಹಿಡಿದುಕೊಂಡು, "ಈ ಸಲ ನಮ್ಮನೆಗೆ ಒಂದೂ ಪಾರ್ಸೆಲ್ ಬೇಡ ಕಣೇ. ಪುಟ್ಟಿಗೆ ನಾನು ಸಿಗಬೇಕು. ಅವಳು ಒಂದೇ ಒಂದು ಸಲ ನನ್ನ ಹತ್ತಿರ ಬಂದು ತಾತ ಅಂದ್ರೆ ಸಾಕು" ಎಂದರು. ಇಷ್ಟುದ್ದ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ನಮ್ಮ ಮದುವೆ ಮಾತುಕತೆಯಲ್ಲಿಯೂ ಇಲ್ಲ.

ಆದರೆ ನಾನು ಸುಮ್ಮನಿರುವವಳಾ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಅದೇ ವಾರ ನಮ್ಮ ಬೀಗಿತ್ತಿ ತಮ್ಮ ಮನೆಯ ಕ್ರಿಸ್ಮಸ್ ಮರದ ಫೋಟೋ ಕಳಿಸಿದ್ದರು. ಛಾವಣಿ ಮುಟ್ಟುವ ಮರ, ಬುಡದಲ್ಲಿ ಗುಡ್ಡದ ಹಾಗೆ ಉಡುಗೊರೆ. ಆ ಗುಡ್ಡ ನೋಡಿ ಬಂದ ಮಗು ನಮ್ಮ ಮನೆಯಲ್ಲಿ ಏನು ನೋಡಬೇಕು? ಇವರು ಹಳೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ಒಂದು ನಕ್ಷತ್ರ ಮಾಡಿ, ಒಳಗೆ ಬಲ್ಬು ಇಟ್ಟು ಕಿಟಕಿಗೆ ತೂಗುಹಾಕಿದ್ದರು. ಅದರ ಒಂದು ಮೂಲೆಯಲ್ಲಿ "ಜೋಪಾನ, ಒಡೆಯುವ ವಸ್ತು" ಎಂದು ಅಚ್ಚಾಗಿರುವುದು ಬೀದಿಗೆಲ್ಲ ಕಾಣುತ್ತಿತ್ತು. ನನಗೆ ನಾಚಿಕೆಯಾಯಿತು.

ನಾನೇನು ಮಾಡಿದೆ ಗೊತ್ತೇ? ಪುಟ್ಟಿಯಷ್ಟೇ ಎತ್ತರದ, ನಡೆಯುವ, ಹಾಡುವ, ಕಣ್ಣು ಮಿಟುಕಿಸುವ ಒಂದು ಗೊಂಬೆಯನ್ನು ಫೋನಿನಲ್ಲಿ ಹುಡುಕಿ ತರಿಸಿದೆ. ನಮ್ಮ ವಿಳಾಸ ಕೊಟ್ಟರೆ ಕೆಲಸ ಕೆಡುತ್ತದೆ ಎಂದು ನಮ್ಮ ಮಹಡಿಯಲ್ಲೇ ಇರುವ ಎದುರುಮನೆ ನರ್ಸಮ್ಮನ ಹೆಸರು, ನರ್ಸಮ್ಮನ ಬಾಗಿಲ ನಂಬರು ಕೊಟ್ಟೆ. ನಮ್ಮ ಬೀದಿ ಹೇಗೂ ಇವರ ಪಾಲಿನದಲ್ಲ, ಬೇರೆಯವರದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಡಿಸೆಂಬರಿನಲ್ಲಿ ಬೀದಿಗಳನ್ನು ಅದಲುಬದಲು ಮಾಡುತ್ತಾರೆ ಎಂದು ಇಪ್ಪತ್ತೊಂದು ವರ್ಷ ಅವರ ಗೋಳು ಕೇಳಿದ್ದೇನೆ. ಕೇಳಿದ್ದು ಆಗ ನೆನಪಿಗೆ ಬರಬೇಕಲ್ಲ!

ಅಂಗಡಿಯಲ್ಲಿ ಒಂದು ಮಧ್ಯಾಹ್ನ, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು ಯಾರದೋ ಸೊಂಟದ ಅಳತೆ ಗುರುತು ಮಾಡುತ್ತಿದ್ದೆ. ಫೋನು ಬಂತು.

"ನಮಸ್ಕಾರ ಮೇಡಂ. ನಿಮ್ಮದೊಂದು ಪಾರ್ಸೆಲ್ ಇದೆ. ಮೊಬೈಲಿಗೆ ಬಂದಿರೋ ಒಟಿಪಿ ಹೇಳ್ತೀರಾ?"

ಅಯ್ಯೋ ದೇವರೇ! ಅದು ನಮ್ಮವರ ದನಿ. ಹೆಸರು, ಬಾಗಿಲು ನರ್ಸಮ್ಮನದು ಕೊಟ್ಟ ಜಾಣೆ ನಾನು ಫೋನ್ ನಂಬರು ಮಾತ್ರ ನನ್ನದೇ ಕೊಟ್ಟಿದ್ದೆ. ಗಿರಾಕಿಯ ನಂಬರು ಅವರಿಗೆ ಕಾಣಿಸುವುದಿಲ್ಲ ಎಂದು ಗೊತ್ತಿತ್ತು, ಆದರೆ ದನಿ ಕೇಳಿಸುತ್ತದಲ್ಲ. ಗುಂಡುಸೂಜಿ ಉಗುಳಿ, ಎರಡು ಬೆರಳಲ್ಲಿ ಮೂಗು ಹಿಡಿದು, ಸಣ್ಣ ದನಿಯಲ್ಲಿ ನಾಲ್ಕು ಅಂಕಿ ಹೇಳಿದೆ.

"ಥ್ಯಾಂಕ್ಸ್ ಮೇಡಂ. ನೆಗಡಿ ಆಗಿರೋ ಹಾಗಿದೆ, ಬಿಸಿನೀರು ಕುಡೀರಿ" ಎಂದು ಇವರು ಫೋನಿಟ್ಟರು. ಎದುರಿಗೆ ನಿಂತಿದ್ದ ಗಿರಾಕಿ ನನ್ನನ್ನು ಹುಚ್ಚಿಯ ಹಾಗೆ ನೋಡುತ್ತಿದ್ದ.

ಆ ಸಂಜೆ ಇವರು ಚಹಾ ಕುಡಿಯುತ್ತಾ, "ಇವತ್ತು ನಮ್ಮ ಎದುರುಮನೆಗೇ ಒಂದು ಪಾರ್ಸೆಲ್ ಇತ್ತು. ಪೆಟ್ಟಿಗೆ ಮೇಲೆ ಗೊಂಬೆ ಚಿತ್ರ. ನರ್ಸಮ್ಮ ಗೊಂಬೆ ಆಡ್ತಾರಾ?" ಎಂದರು.

"ನನಗೇನು ಗೊತ್ತು? ನಾನೇನು ತರಿಸಿದೀನಾ?" ಎಂದು ಕೇಳದೇ ಇದ್ದದ್ದಕ್ಕೂ ಉತ್ತರ ಕೊಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಇವರು ಎದ್ದು ಲೋಟ ತೊಳೆದಿಟ್ಟರು.

ಹಬ್ಬಕ್ಕೆ ಎರಡು ದಿನ ಮೊದಲು ಮಗಳು ಬಂದಳು. ಅಳಿಯ ಹಬ್ಬದ ಮರುದಿನ ಬಂದು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಪುಟ್ಟಿ ಬೆಳೆದಿದ್ದಳು, ಮೂರು ತುಂಬಿತ್ತು, ಬಾಗಿಲ ಹಿಡಿಕೆ ಎಟಕುತ್ತಿತ್ತು. ಇವರು ಬೆಳಿಗ್ಗೆಯೇ ಗಡ್ಡ ಕೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿ ಹೆಣ್ಣು ನೋಡಲು ಬಂದ ವರನ ಹಾಗೆ ಕೂತಿದ್ದರು. ಪುಟ್ಟಿ ಅಮ್ಮನ ಹಿಂದೆ ಸೇರಿಕೊಂಡು, ಇವರನ್ನು ಮೇಲಿಂದ ಕೆಳಗೆ ನೋಡಿ, "ಪಾರ್ಸೆಲ್ ಮಾಮ, ಪೆಟ್ಟಿಗೆ ಎಲ್ಲಿ?" ಎಂದಳು.

ಇವರಿಗೆ ಏನು ತೋಚಿತೋ. ಎದ್ದು ಅಡುಗೆಮನೆಗೆ ಹೋದರು, ಸೌಟು ತೆಗೆದುಕೊಂಡು ಅದಕ್ಕೆ ಹಳೆಯ ಪೇಪರು ಸುತ್ತಿದರು, ಹೊರಗೆ ಹೋಗಿ ಬಾಗಿಲು ಎಳೆದುಕೊಂಡು ಬೆಲ್ ಒತ್ತಿದರು. ಪುಟ್ಟಿ ಓಡಿಹೋಗಿ ತೆಗೆದಳು.

"ಪಾರ್ಸೆಲ್! ಪುಟ್ಟಿ ಮೇಡಂ ಮನೇಲಿದಾರಾ?"

"ನಾನೇ" ಎಂದಳು, ಗಂಭೀರವಾಗಿ.

"ಇಲ್ಲಿ ಸಹಿ ಹಾಕಿ ಮೇಡಂ." ಜೇಬಿನಿಂದ ಹಳೆಯ ಸಹಿ ಪುಸ್ತಕ ತೆಗೆದರು, ಫೋನಿನ ಮೇಲೆ ಬೆರಳಲ್ಲಿ ಗೀಚಿಸುವ ಕಾಲಕ್ಕಿಂತ ಮುಂಚಿನದು. ಪುಟ್ಟಿ ಕ್ರೇಯಾನಿನಲ್ಲಿ ಒಂದು ಸುರುಳಿ ಗೀಚಿ, ಪೊಟ್ಟಣ ಕಸಿದುಕೊಂಡು, ಇವರ ಮುಖಕ್ಕೆ ದಢಾರನೆ ಬಾಗಿಲು ಹಾಕಿದಳು.

ಒಳಗೆ ಸೌಟು ನೋಡಿ ಅವಳು ನಕ್ಕದ್ದನ್ನು ನೀವು ಕೇಳಬೇಕಿತ್ತು. ಅಷ್ಟರಲ್ಲಿ ಮತ್ತೆ ಬೆಲ್ಲು. ಈ ಸಲ ಈರುಳ್ಳಿ. ಆಮೇಲೆ ಅಲಾರಾಂ ಗಡಿಯಾರ. ಆಮೇಲೆ ನನ್ನ ಅಳತೆ ಟೇಪು. ಹೀಗೆ ಶುರುವಾದದ್ದು ಎರಡು ದಿನ ನಿಲ್ಲಲಿಲ್ಲ. ಮನೆಯಲ್ಲಿದ್ದ ಸಾಮಾನೇ ಹೊರಗೆ ಹೋಗಿ, ಅದೇ ಹಳೆಯ ಪೇಪರು ಸುತ್ತಿಕೊಂಡು, ಬೆಲ್ ಒತ್ತಿಸಿಕೊಂಡು ಮನೆಗೆ ಬರುವುದು. ನನ್ನ ಕನ್ನಡಕ ಮೂರು ಸಲ ಹಾಗೆ ಬಂತು. ಒಲೆ ಮೇಲೆ ಒಗ್ಗರಣೆ ಸೀಯುತ್ತಿರುವಾಗ "ನನ್ನ ಸೌಟೆಲ್ಲಿ?" ಎಂದು ಕೂಗಿದರೆ, "ಬರ್ತಾ ಇದೆ, ಮೂರನೇ ಮಹಡಿ ಹತ್ತಬೇಕಲ್ಲ" ಎಂದು ಹೊರಗಿನಿಂದ ಉತ್ತರ. ಮಗಳು ಬಿದ್ದೂ ಬಿದ್ದೂ ನಕ್ಕಳು. ಅಪ್ಪನನ್ನು ಹೀಗೆ ನೋಡಿ ಎಷ್ಟು ವರ್ಷವಾಗಿತ್ತೋ ಅವಳಿಗೆ.

"ನೋಡಿದ್ರಾ ಅಮ್ಮಾ, ಅವಳಿಗೆ ಇಷ್ಟೇ ಸಾಕು. ನಮ್ಮನೇಲಿ ಸಾಮಾನು ಇಡೋಕೆ ಜಾಗ ಇಲ್ಲ. ಯಾವುದನ್ನೂ ಎರಡು ದಿನಕ್ಕಿಂತ ಜಾಸ್ತಿ ಮುಟ್ಟಲ್ಲ" ಎಂದಳು. ನಾನು ಹೂಂಗುಟ್ಟಿದೆ. ಎದುರುಮನೆಯಲ್ಲಿ ನರ್ಸಮ್ಮನ ಮಂಚದ ಪಕ್ಕ ನಿಂತಿದ್ದ ಗೊಂಬೆಯ ನೆನಪಾಗಿ ಒಲೆಯ ಕಡೆಗೆ ತಿರುಗಿಕೊಂಡೆ.

ಆದರೆ ಒಂದು ಮಾತ್ರ ಆಗಲೇ ಇಲ್ಲ. ಪ್ರತಿ ಸಲವೂ ಪುಟ್ಟಿ ಸಹಿ ಹಾಕಿ, ಪೊಟ್ಟಣ ತೆಗೆದುಕೊಂಡು, ಬಾಗಿಲು ಮುಚ್ಚುತ್ತಿದ್ದಳು. ಪಾರ್ಸೆಲ್ಲಿನವರಿಗೆ ಹಾಗೆ ಮಾಡುವುದನ್ನು ಅವಳು ನೋಡಿಯೇ ಕಲಿತಿರಬೇಕು. ಆಮೇಲೆ ನಾನೋ ಮಗಳೋ ಬಾಗಿಲು ತೆಗೆದು ಇವರನ್ನು ಒಳಗೆ ಬಿಡಬೇಕು. ಇವರು ಬಂದು ಕುರ್ಚಿಯಲ್ಲಿ ಕೂತರೆ ಅವಳು ಮತ್ತೆ ಅಮ್ಮನ ಸೆರಗು. ಕರೆದರೆ ತಲೆ ಅಲ್ಲಾಡಿಸುತ್ತಾಳೆ.

"ಏನು ಮಗುವೋ! ಮನುಷ್ಯ ಹೊರಗೆ ನಿಂತಿದಾರೆ ಅನ್ನೋ ಖಬರೇ ಇಲ್ವಲ್ಲ!" ಎಂದೆ.

"ಬಿಡೇ" ಎಂದರು ಇವರು. "ಇಪ್ಪತ್ತೊಂದು ವರ್ಷದಲ್ಲಿ ಒಳಗೆ ಬಾ ಅಂದವರು ಎಷ್ಟು ಜನ? ಮಗು ಏನು ಮಾಡುತ್ತೆ."

ಕ್ರಿಸ್ಮಸ್ ದಿನ ಬೆಳಿಗ್ಗೆ ಚರ್ಚಿಗೆ ಹೋಗಿ ಬಂದೆವು. ಮಧ್ಯಾಹ್ನ ಊಟ, ನಾನು ಮಾಡಿದ ಒಂದು ಕೇಕು. ಯಾರ ತಟ್ಟೆಯ ಪಕ್ಕದಲ್ಲೂ ಪೆಟ್ಟಿಗೆ ಇರಲಿಲ್ಲ. ಇವರು ಊಟದ ನಡುವೆ ನಿದ್ದೆ ಹೋಗಲಿಲ್ಲ, ಎರಡನೇ ಸಲ ಅನ್ನ ಹಾಕಿಸಿಕೊಂಡು ಮಗಳ ಜೊತೆ ಅವಳ ಶಾಲೆಯ ದಿನಗಳ ಕಥೆ ಹೇಳಿ ನಗುತ್ತಿದ್ದರು. ನಿಜ ಹೇಳಬೇಕೆಂದರೆ ಆ ಊಟದಲ್ಲಿ ನನಗೂ ಏನೂ ಕಡಿಮೆ ಅನ್ನಿಸಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಮಗು ಹೊರಟುಬಿಡುತ್ತದಲ್ಲ ಎಂಬ ಸಂಕಟ ಒಳಗೆ ಕೊರೆಯುತ್ತಿತ್ತು. ಇವರ ಆಸೆ ಹಾಗೇ ಉಳಿದುಹೋಗುತ್ತದಲ್ಲ!

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ನರ್ಸಮ್ಮನಿಗೆ ಕೇಕು ಕೊಡಲು ಹೋಗಿದ್ದೆ. ತಿರುಗಿ ಬರುವಾಗ ನೋಡಿದರೆ ನಮ್ಮ ಬಾಗಿಲು ಹಾಕಿದೆ, ಇವರು ಹೊರಗೆ ನಿಂತಿದ್ದಾರೆ. ಬೆರಳು ಬೆಲ್ಲಿನ ಹತ್ತಿರ ಹೋಗಿದೆ, ಒತ್ತುತ್ತಿಲ್ಲ. ಕೈಯಲ್ಲಿ ಪೊಟ್ಟಣ ಇಲ್ಲ, ಜೇಬಿನಲ್ಲಿ ಪುಸ್ತಕವೂ ಇಲ್ಲ.

"ಏನ್ರೀ ಇದು? ಖಾಲಿ ಕೈಯಲ್ಲಿ?"

"ನಾಳೆ ಹೋಗ್ತಾಳಲ್ಲ" ಎಂದರು ಮೆಲ್ಲಗೆ. "ಏನೂ ಇಲ್ಲದೆ ಒಂದು ಸಲ ಒತ್ತಿ ನೋಡೋಣ ಅಂತ ಬಂದೆ. ಬಂದಮೇಲೆ ಧೈರ್ಯ ಸಾಲ್ತಿಲ್ಲ ಕಣೇ."

ಊರಿನ ಸಾವಿರ ಬಾಗಿಲಿನ ಬೆಲ್ ಒತ್ತಿದ ಮನುಷ್ಯ, ತನ್ನ ಮನೆಯ ಬೆಲ್ ಒತ್ತಲು ಹೆದರಿ ನಿಂತಿದ್ದಾನೆ. ಇನ್ನು ಮಾನ ಮುಚ್ಚಿಕೊಂಡು ಏನಾಗಬೇಕು ಎಂದು ನರ್ಸಮ್ಮನ ಮನೆಗೆ ನುಗ್ಗಿ, ಆ ಪೆಟ್ಟಿಗೆಯನ್ನು ತಬ್ಬಿ ಎತ್ತಿಕೊಂಡು ಬಂದೆ.

"ತಗೊಳ್ಳಿ. ಬೈಯ್ಯೋದಿದ್ರೆ ಆಮೇಲೆ ಬೈರಿ. ಇದನ್ನ ಹಿಡ್ಕೊಂಡು ನಿಂತ್ಕೊಳ್ಳಿ. ಅವಳು ಓಡಿ ಬಂದು ನಿಮ್ಮ ಕೊರಳಿಗೆ ಬೀಳದೇ ಇದ್ರೆ ಕೇಳಿ."

ಇವರು ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು, ನಕ್ಕರು. "ನೆಗಡಿ ಹೇಗಿದೆ ಮೇಡಂ?"

"ಗೊತ್ತಿತ್ತಾ ನಿಮಗೆ?"

"ಮೂವತ್ತು ವರ್ಷ ಕೇಳಿದ ದನಿ, ಮೂಗು ಹಿಡ್ಕೊಂಡ್ರೆ ಬೇರೆ ಆಗುತ್ತಾ?"

ನನ್ನ ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ. ನರ್ಸಮ್ಮ ಬಾಗಿಲ ಹಿಂದೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗು ತಡೆಯಲಾರದೆ ಅಲುಗಾಡುತ್ತಿದ್ದಳು. "ಆಯ್ತು, ಗೊತ್ತಾಯ್ತಲ್ಲ, ಈಗ ಹಿಡೀರಿ" ಎಂದೆ.

ಇವರು ಪೆಟ್ಟಿಗೆಯ ಮೇಲೆ ಕೈ ಇಟ್ಟು ಮೆತ್ತಗೆ ನನ್ನ ಕಡೆಗೇ ತಳ್ಳಿದರು. "ಬೇಡ ಕಣೇ. ಇದನ್ನ ಹಿಡ್ಕೊಂಡ್ರೆ ಅವಳು ಬಾಗಿಲು ತೆಗೀತಾಳೆ, ನಂಗೊತ್ತು. ಆದ್ರೆ ಯಾರಿಗೆ ತೆಗೆದಳು ಅಂತ ನನಗೆ ಯಾವತ್ತೂ ಗೊತ್ತಾಗಲ್ಲ."

ಪೆಟ್ಟಿಗೆ ಸಮೇತ ನರ್ಸಮ್ಮನ ಬಾಗಿಲ ಮರೆಗೆ ಸರಿದು ನಿಂತೆ. ಇವರು ಬೆಲ್ ಒತ್ತಿದರು.

ಒಳಗೆ ಪುಟ್ಟ ಹೆಜ್ಜೆಗಳ ಸದ್ದು. ಹಿಡಿಕೆ ತಿರುಗಿತು. ಪುಟ್ಟಿ ಇವರ ಕೈ ನೋಡಿದಳು. ಒಂದು ಕೈ ಹಿಡಿದು ತಿರುಗಿಸಿ ನೋಡಿದಳು, ಇನ್ನೊಂದನ್ನೂ ನೋಡಿದಳು. ಬಗ್ಗಿ ಇವರ ಬೆನ್ನ ಹಿಂದೆ ನೋಡಿದಳು.

"ಪಾರ್ಸೆಲ್ಲು?"

"ಇಲ್ಲ ಪುಟ್ಟಿ. ಇವತ್ತು ಏನೂ ತಂದಿಲ್ಲ. ನಾನೊಬ್ಬನೇ ಬಂದಿದೀನಿ."

ಅವಳು ಒಳಗೆ ಓಡಿಹೋದಳು. ಬಾಗಿಲು ಅರ್ಧಕ್ಕೆ ತೂಗಿ ನಿಂತಿತು. ಇವರ ಭುಜ ಇಳಿದುಹೋದದ್ದು ನನಗೆ ಹಿಂದಿನಿಂದ ಕಾಣಿಸಿತು. ಇನ್ನು ತಡೆಯಲಾರೆ, ಪೆಟ್ಟಿಗೆ ತೆಗೆದುಕೊಂಡು ಹೋಗಿ ಮುಂದೆ ಇಟ್ಟೇಬಿಡುತ್ತೇನೆ ಎಂದು ಒಂದು ಹೆಜ್ಜೆ ಇಟ್ಟೆ. ನರ್ಸಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ಪುಟ್ಟಿ ತಿರುಗಿ ಬಂದಳು. ಕೈಯಲ್ಲಿ ಕೆಂಪು ಕ್ರೇಯಾನು.

"ಬುಕ್ಕು ಕೊಡು" ಎಂದಳು.

"ಬುಕ್ಕೂ ತಂದಿಲ್ಲ ಕಂದಾ."

ಒಂದು ಕ್ಷಣ ಯೋಚಿಸಿದಳು. ಆಮೇಲೆ ಇವರ ಬಲಗೈಯನ್ನು ಎಳೆದು, ಅಂಗೈ ಬಿಡಿಸಿ, ನಾಲಿಗೆ ಹೊರಗೆ ಹಾಕಿಕೊಂಡು, ತುಂಬಾ ಹೊತ್ತು, ತುಂಬಾ ಜಾಗರೂಕತೆಯಿಂದ ಅದರ ಮೇಲೆ ತನ್ನ ಸುರುಳಿ ಸಹಿ ಹಾಕಿದಳು. ಹಾಕಿ ಮುಗಿಸಿ, ಬಂದ ಪಾರ್ಸೆಲ್ಲನ್ನು ಒಳಗೆ ತೆಗೆದುಕೊಳ್ಳುವ ಹಾಗೆ ಇವರ ಎರಡು ಬೆರಳು ಹಿಡಿದು ಎಳೆದಳು.

"ಬಾ ತಾತ. ಒಳಗೆ ಬಾ."

ಇವರು ಒಳಗೆ ಹೋದರು. ಬಾಗಿಲು ದಢಾರನೆ ಮುಚ್ಚಿತು. ನಾನು ಆ ಗೊಂಬೆಯನ್ನು ತಬ್ಬಿಕೊಂಡು ಹೊರಗೆ ಉಳಿದೆ.

ಅಳುತ್ತಿದ್ದೆನೋ ನಗುತ್ತಿದ್ದೆನೋ ನರ್ಸಮ್ಮನನ್ನೇ ಕೇಳಬೇಕು. "ಅಕ್ಕಾ, ಇದನ್ನೇನು ಮಾಡೋಣ?" ಎಂದಳು ಅವಳು. ಪೆಟ್ಟಿಗೆಯ ಅಂಟುಪಟ್ಟಿ ಇನ್ನೂ ಬಿಚ್ಚಿರಲಿಲ್ಲ. "ವಾಪಸ್ ಕಳಿಸ್ತೀನಿ" ಎಂದೆ. "ಸೋಮವಾರ ಇವರೇ ಬಂದು ತಗೊಂಡು ಹೋಗ್ತಾರೆ. ಸಹಿ ನಾನೇ ಹಾಕ್ತೀನಿ, ಮೂಗು ಹಿಡ್ಕೊಳ್ಳದೆ." ಪೆಟ್ಟಿಗೆಯನ್ನು ಅವಳ ಮಂಚದ ಪಕ್ಕದಲ್ಲಿ, ಬಾಣದ ಗುರುತು ಮೇಲಕ್ಕೆ ಬರುವ ಹಾಗೆ ಇಟ್ಟು ಬಂದೆ.

ಆಮೇಲೆ ನಮ್ಮ ಬಾಗಿಲ ಮುಂದೆ ನಿಂತು, ಸೆರಗಿಗೆ ಕೈ ಒರೆಸಿಕೊಂಡು, ನಾನೂ ಬೆಲ್ ಒತ್ತಿದೆ.

"ಯಾರೂ?" ಎಂದಿತು ಒಳಗಿನಿಂದ ಪುಟ್ಟ ದನಿ.

"ಅಜ್ಜಿ."

"ಪಾರ್ಸೆಲ್ ಇದೆಯಾ?"

"ಇಲ್ಲ ಕಣಮ್ಮಾ. ನಾನೊಬ್ಬಳೇ."

ಬಾಗಿಲು ತೆರೆಯಿತು. ಪುಟ್ಟಿ ತಾತನ ತೋಳಿನ ಮೇಲಿದ್ದಳು, ಕೆಂಪು ಕ್ರೇಯಾನು ಇನ್ನೂ ಕೈಯಲ್ಲೇ ಇತ್ತು. ನಾನು ಅಂಗೈ ಮುಂದೆ ಚಾಚಿದೆ.